ಶಬ್ದಹರಣವೂ ವಿದ್ಯಾರ್ಥಿಯ ವಾದವೂ

ಕೆನಡಾ ದೇಶದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ 2003ರಲ್ಲಿ ವಿದ್ಯಾರ್ಥಿಯೊಬ್ಬನು ತನ್ನ ಪ್ರಬಂಧಗಳನ್ನು ಟರ್ನಿಟಿನ್ ಎಂಬ ಅಂತರಜಾಲ ಸಂಸ್ಥೆಯ ತಪಾಸಣೆಗೆ ಒಪ್ಪಿಸಲು ನಿರಾಕರಿಸಿದನು. ಅವಕ್ಕೆ ಸೊನ್ನೆ ಅಂಕ ಬಂದಿತು. ಅವನು ಕದ್ದು ಬರೆದನೆಂದು ಯಾರೂ ಆರೋಪಿಸಿರಲಿಲ್ಲ. ಕಳ್ಳನಲ್ಲವೆಂದು ಮೊದಲು ಸಿದ್ಧಪಡಿಸಿ ಅನಂತರ ಅಂಕ ಪಡೆಯಬೇಕೆಂಬ ನಿಯಮವೇ ನ್ಯಾಯವಿರುದ್ಧವೆಂಬುದು ಅವನ ವಾದ. 2004ರ ಆರಂಭದಲ್ಲಿ ತೀರ್ಮಾನವು ಅವನ ಪರವಾಗಿ ಆಗಿ, ಪ್ರಬಂಧಗಳಿಗೆ ಅಂಕ ಕೊಡಬೇಕಾಯಿತು.

ಅಮೆರಿಕದ ವರ್ಜೀನಿಯಾ ಮತ್ತು ಅರಿಜೋನಾ ಸಂಸ್ಥಾನಗಳ ನಾಲ್ವರು ಪ್ರೌಢಶಾಲಾ ವಿದ್ಯಾರ್ಥಿಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಆ ಸಂಸ್ಥೆಯು ಬಂದ ಪ್ರಬಂಧಗಳನ್ನು ತನ್ನ ಭಂಡಾರದಲ್ಲಿ ಉಳಿಸಿಕೊಂಡು ಮುಂದೆ ಬರುವವುಗಳೊಡನೆ ಹೋಲಿಸುತ್ತಿತ್ತು. ತಮ್ಮ ಬರಹವನ್ನು ಹೀಗೆ ಇಟ್ಟುಕೊಳ್ಳುವುದು ಗ್ರಂಥಸ್ವಾಮ್ಯದ ಉಲ್ಲಂಘನೆಯೆಂದು ಅವರು 2007ರಲ್ಲಿ ದಾವೆ ಹೂಡಿದರು. ಅದು ನ್ಯಾಯಸಮ್ಮತ ಬಳಕೆಯೆಂದು ನ್ಯಾಯಾಲಯವು 2008ರಲ್ಲಿ ತೀರ್ಪಿತ್ತಿತು. 2009ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ವಿದ್ಯಾರ್ಥಿಗಳು ಸೋತರು. ಆದರೆ ಪರರ ಬರಹವನ್ನು ಬೇಲಿಯಿಲ್ಲದ ಹೊಲವೆಂದು ಬಗೆಯುವ ಪೀಳಿಗೆಯೆಂಬ ಅಪವಾದವನ್ನು ಹೊತ್ತವರೇ ತಮ್ಮ ಮಾತಿಗೆ ಒಡೆಯರೆಂದು ಕಟಕಟೆಗೆ ಬಂದುದು ಗಮನಾರ್ಹವಾದ ಸಂಗತಿ. ಚೌರ್ಯವು ಚೌರ್ಯವಲ್ಲವೆಂದು ಅವರಾರೂ ವಾದಿಸಲಿಲ್ಲ.

ಮಾತು ಯಾರ ಸೊತ್ತೆಂಬ ಈ ಪ್ರಶ್ನೆ ಭಾರತೀಯ ಸಾಹಿತ್ಯವಿಚಾರಕ್ಕೆ ಹಳೆಯದು. 9-10ನೆಯ ಶತಮಾನಗಳ ಸಂಧಿಕಾಲದಲ್ಲಿ ಕನೌಜಿನ ಪ್ರತೀಹಾರರ ಆಸ್ಥಾನದಲ್ಲಿದ್ದ ರಾಜಶೇಖರನು ತನ್ನ 'ಕಾವ್ಯಮೀಮಾಂಸೆ'ಯಲ್ಲಿ ಇದಕ್ಕೆ ಅಧ್ಯಾಯಗಳನ್ನೇ ಮೀಸಲಿಟ್ಟನು. ಪದ, ಪಾದ, ಅರ್ಧಶ್ಲೋಕ, ವೃತ್ತ, ಪ್ರಬಂಧ ಎಂದು ಶಬ್ದಹರಣವನ್ನು ಐದಾಗಿ ವಿಂಗಡಿಸಿ, ಅರ್ಥಹರಣವನ್ನು ಬೇರೆಯಾಗಿಯೇ ವಿಚಾರಿಸಿದನು. ಪಡಿನೆಳಲಿನಂತೆ ಮೂಲವನ್ನೇ ತೋರಿಸುವ ಬರಹ ಅವನಿಗೆ ಹೇಯ. ಹಳೆಯ ಅರ್ಥಕ್ಕೆ ಹೊಸ ದೇಹವನ್ನು ಕೊಡಬಲ್ಲ ಕವಿಯನ್ನು ಅವನು ದೂರಲಿಲ್ಲ. ಹಣ ಕೊಟ್ಟು ಕೊಂಡ ಕಾವ್ಯವೂ ಹರಣವೇ ಎಂದ ಅವನ ಮಾತು, ಇಂದು ಪ್ರಬಂಧಗಳನ್ನು ಬರೆದು ಮಾರುವ ಅಂಗಡಿಗಳನ್ನು ಕಂಡವರಿಗೆ ನಿನ್ನೆ ಆಡಿದಂತೆ ತೋರೀತು. ಉಳಿದ ಕಳವುಗಳು ಕಾಲ ಕಳೆದಂತೆ ಮಾಸಿದರೂ ವಾಕ್‌ಚೌರ್ಯದ ಕಳಂಕ ಮಕ್ಕಳು ಮೊಮ್ಮಕ್ಕಳವರೆಗೂ ಬಿಡದೆಂಬ ಅಭಿಪ್ರಾಯವನ್ನೂ ಅವನು ದಾಖಲಿಸಿದ್ದಾನೆ.

ಇದಕ್ಕಿಂತ ಸ್ವಾರಸ್ಯವಾದುದು ಅವನು ಎತ್ತಿಕೊಟ್ಟಿರುವ ಪತ್ನಿ ಅವಂತಿಸುಂದರಿಯ ಮತ. ಕದಿಯುವವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನಗಳನ್ನು ಆಕೆ ಎಣಿಸುತ್ತಾಳೆ: ಅವನು ಅಪ್ರಸಿದ್ಧ, ನಾನು ಪ್ರಸಿದ್ಧ, ಅವನ ಮಾತು ಅಮೃತಬಳ್ಳಿಯಂತೆ ಕಹಿ, ನನ್ನದು ದ್ರಾಕ್ಷಿ, ಅದನ್ನು ಬಲ್ಲವರು ತೀರಿಹೋದರು, ಅದರ ಕರ್ತೃ ದೇಶಾಂತರದಲ್ಲಿದ್ದಾನೆ. ಅಂತರಜಾಲದ ಹೆಸರಿಲ್ಲದ ಪುಟ ಎಲ್ಲರದೂ ಹೌದೆನ್ನುವ ವಿದ್ಯಾರ್ಥಿಯ ನೆಪಕ್ಕೂ ಇದಕ್ಕೂ ಅಂತರವೆಷ್ಟು? ಅಂತರಜಾಲದಲ್ಲಿ ಕರ್ತೃಗಳೆಲ್ಲರೂ ದೇಶಾಂತರದವರೇ!

ಭಾರತದಲ್ಲಿ ಈ ವಿಷಯ ಅಂಕಗಣಿತಕ್ಕೆ ಇಳಿದುದು ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2018ರ ನಿಯಮಗಳಿಂದ. ಮಹಾಪ್ರಬಂಧದಲ್ಲಿ ಸಾಮ್ಯವು ಶೇಕಡ 10ರವರೆಗೆ ಇದ್ದರೆ ದಂಡನೆಯಿಲ್ಲ. 40ರವರೆಗೆ ಇದ್ದರೆ ಆರು ತಿಂಗಳೊಳಗೆ ತಿದ್ದಿ ಒಪ್ಪಿಸಬೇಕು. 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಒಪ್ಪಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಶೇಕಡಾವಾರು ಲೆಕ್ಕಕ್ಕೆ ಒಂದು ಗುಣವುಂಟು: ಅದು ಮುಖ ನೋಡುವುದಿಲ್ಲ. ದೋಷವೂ ಅದೇ. ಒಂಬತ್ತು ಪಾಲು ಕದ್ದವನೂ ಉದ್ಧರಣ ಚಿಹ್ನೆ ಮರೆತವನೂ ಅಲ್ಲಿ ಒಂದೇ. ಇದರ ಫಲವಾಗಿ ವಿದ್ಯಾರ್ಥಿಯು 'ಇದು ಯಾರ ವಿಚಾರ?' ಎಂದು ಕೇಳಿಕೊಳ್ಳುವುದನ್ನು ಬಿಟ್ಟು 'ಶೇಕಡ ಎಷ್ಟು?' ಎಂದು ಕೇಳತೊಡಗುತ್ತಾನೆ.

ಇದೇ ನಿಯಮಗಳು ಸಾಮಾನ್ಯ ಜ್ಞಾನವೆಂದೂ ಆಕಸ್ಮಿಕವೆಂದೂ ಸತತವಾದ 14 ಪದಗಳವರೆಗಿನ ಸಾಮ್ಯಕ್ಕೆ ವಿನಾಯಿತಿ ಕೊಡುತ್ತವೆ. ಕನ್ನಡದಲ್ಲಿ ಬರೆಯುವವನಿಗೆ ಈ ವಿನಾಯಿತಿ ವಿಚಿತ್ರವಾಗಿ ಉದಾರವಾಗುತ್ತದೆ. 'ಹೋಗಬೇಕಾಗಿದ್ದುದರಿಂದ' ಎಂಬ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಐದಾರು ಪದಗಳು ಬೇಕು. ಕನ್ನಡದ 14 ಪದಗಳಲ್ಲಿ ತುಂಬು ವಾಕ್ಯವೊಂದು, ಕೆಲವೊಮ್ಮೆ ಎರಡೂ, ಅಡಗಿಬಿಡುತ್ತವೆ. ಇನ್ನು ಇಂಗ್ಲಿಷ್ ಗ್ರಂಥದ ಅಧ್ಯಾಯವನ್ನೇ ಹೆಸರು ಹೇಳದೆ ಕನ್ನಡಿಸಿದವನಾದರೋ, ಪದಕ್ಕೆ ಪದವನ್ನಷ್ಟೇ ಹೋಲಿಸುವ ಯಂತ್ರದ ಕಣ್ಣಿಗೆ ಬೀಳುವುದೇ ಇಲ್ಲ. ಅವನನ್ನು ಹಿಡಿಯಬಲ್ಲವನು ಆ ಎರಡು ಗ್ರಂಥಗಳನ್ನೂ ಓದಿರುವ ಪರೀಕ್ಷಕನೊಬ್ಬನೇ.