ಎದೆಯ ಕಾವು
ನಾನು ಕೆರೆಬಿಳಚಿಯಲ್ಲಿ ಮೇಷ್ಟರಾಗಿದ್ದಾಗ ಚನ್ನಗಿರಿ ತಾಲ್ಲೂಕು ಇನ್ನೂ ಶಿವಮೊಗ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆಗೆ ಸೇರಿದ್ದು 1997ರಲ್ಲಿ. ದಿನ ತುಂಬದೆ ಹುಟ್ಟಿದ ಕೂಸನ್ನು ಆಗ ಅರಳೆಯಲ್ಲಿ ಸುತ್ತಿ ಕೆಂಡದ ಪಕ್ಕ ಮಲಗಿಸುತ್ತಿದ್ದರು. ನನ್ನ ತಂಗಿಯ ಏಳು ತಿಂಗಳ ಮಗು ಹಾಗೆಯೇ ಮೂರು ದಿನವಿದ್ದು ಹೋಯಿತು. ಕಾವು ಬೇಕೆಂಬುದನ್ನು ಹಿರಿಯರು ಬಲ್ಲರು. ಆ ಕಾವು ಬಾಣಂತಿಯ ಎದೆಯಲ್ಲೇ ಇದೆಯೆಂದು ನಮಗಾರೂ ಹೇಳಿರಲಿಲ್ಲ.

ಅದನ್ನು ಆಸ್ಪತ್ರೆಯ ಕ್ರಮವಾಗಿಸಿದವರು ಕೊಲಂಬಿಯಾ ದೇಶದ ಬೊಗೋಟಾದ ಡಾ. ಎಡ್ಗರ್ ರೇ, 1978ರಲ್ಲಿ. ಇನ್‌ಕ್ಯುಬೇಟರುಗಳು ಸಾಲದೆ ಶಿಶುಗಳಿಗೆ ಸೋಂಕು ಹರಡುತ್ತಿದ್ದಾಗ, ಬರಿಮೈಯ ಕೂಸನ್ನು ತಾಯಿಯ ಬರಿಯೆದೆಗೆ ಕಟ್ಟಿಸಿ ತಾಯಿಹಾಲನ್ನೇ ಕೊಡಿಸಿದರು. ಇದೇ ಕಾಂಗರೂ ಆರೈಕೆ.

ನಮ್ಮ ನಾಡಿನಲ್ಲಿ 2010ರ ದಶಕದಲ್ಲಿ ಕೊಪ್ಪಳದ ಸರ್ಕಾರಿ ಆಸ್ಪತ್ರೆಗಳೊಡನೆ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದನ್ನು ಜಿಲ್ಲೆಯಾದ್ಯಂತ ನಡೆಸಿ ನೋಡಿದರು. ದಿನಕ್ಕೆ ಎಂಟು ಗಂಟೆಗೂ ಮೇಲ್ಪಟ್ಟು ಕೂಸನ್ನು ಎದೆಗಿಟ್ಟುಕೊಳ್ಳುವ ತಾಯಿ ರೊಟ್ಟಿ ಬಡಿಯುವುದು ಯಾವಾಗ? ಅತ್ತೆ, ಗಂಡ ಕೆಲಸಕ್ಕೆ ನಿಲ್ಲಬೇಕು. ಸರದಿಯಲ್ಲಿ ತಾವೂ ಎದೆಗೊಡಬೇಕು. ಮನೆಗೆ ಮರಳಿದ ಮೇಲೆ ಆಶಾ ಕಾರ್ಯಕರ್ತೆ ಬಂದು ವಿಚಾರಿಸಬೇಕು. ಗಂಡಸು ಬಾಣಂತಿ ಕೋಣೆಯ ಹೊಸ್ತಿಲು ದಾಟಬಾರದೆಂದಿದ್ದ ಕಾಲದವನು ನಾನು!

ಈಚೆಗೆ ಹಳೆಯ ವಿದ್ಯಾರ್ಥಿಯೊಬ್ಬನ ಮನೆಗೆ ಹೋಗಿದ್ದೆ. ಅಂಗಿಯೊಳಗೆ ಮೊಮ್ಮಗಳನ್ನು ಕಟ್ಟಿಕೊಂಡು ಕುಳಿತಿದ್ದ. "ಏಳೋಕಾಗಲ್ಲ ಸಾರ್, ಮಲಗವಳೆ" ಎಂದ.