ಅಜ್ಜಯ್ಯ ರಾತ್ರಿ ಏಳುವುದು ನಿಂತಾಗ

ತ್ರಾಸಿಯ ನಮ್ಮ ಮನೆಯಲ್ಲಿ ರಾತ್ರಿ ಎರಡು ಸದ್ದು ಕೇಳುತ್ತಿತ್ತು. ಒಂದು ಕಡಲಿನದು, ಇನ್ನೊಂದು ಅಜ್ಜಯ್ಯ ಬಾಗಿಲಿನ ಚಿಲಕ ತೆಗೆಯುವುದು. ರಾತ್ರಿಗೆ ನಾಲ್ಕೈದು ಸಲ ಎದ್ದು ತೆಂಗಿನಬುಡಕ್ಕೆ ಹೋಗಿ ಬರುತ್ತಿದ್ದರು. ಬೆಳಿಗ್ಗೆ ನೋಡಿದರೆ ಅಲ್ಲಿ ಇರುವೆ ಸಾಲು. "ಇದ್ ಸಕ್ರಿ ಕಾಯ್ಲೆಯೇ ಸೈ" ಅಂತ ಅಜ್ಜಿ ತೀರ್ಪು ಕೊಟ್ಟರು. ಆಮೇಲೆ ರಕ್ತಪರೀಕ್ಷೆಯೂ ಅದನ್ನೇ ಹೇಳಿತು.

ಕೆಲವು ವರ್ಷ ಕಳೆದ ಮೇಲೆ ಚಿಲಕದ ಸದ್ದು ಕಮ್ಮಿಯಾಗಿ, ನಿಂತೇ ಹೋಯಿತು. ಮನೆಯವರಿಗೆಲ್ಲ ಖುಷಿ. "ಈಗ ಅಡ್ಡಿಲ್ಲೆ, ಬೆಳಿಗ್ಗೆ ತನ್ಕ ಒಂದೇ ನಿದ್ರಿ" ಅಂತ ಅಜ್ಜಿ ನೆರೆಮನೆಗೂ ಹೇಳಿ ಬಂದರು. ಆ ಖುಷಿ ಎಷ್ಟು ತಪ್ಪು ಅಂತ ನನಗೆ ಅರ್ಥವಾದದ್ದು ಈ ಕಾಯಿಲೆಯ ಚರಿತ್ರೆ ಓದಿದ ಮೇಲೆ.

ಅಜ್ಜಿಯ ಇರುವೆ ಪರೀಕ್ಷೆ ಹೊಸದೇನಲ್ಲ. ಪ್ರಮೇಹ ಬರುವ ಮುನ್ಸೂಚನೆಗಳಲ್ಲಿ ಮೈಗೂ ಮೂತ್ರಕ್ಕೂ ಇರುವೆ ಮುತ್ತುವುದನ್ನು ಚರಕಸಂಹಿತೆಯೇ ಹೇಳುತ್ತದೆ. 17ನೇ ಶತಮಾನದಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ರೋಗಿಯ ಮೂತ್ರ ಜೇನಿನಂತೆ ಸಿಹಿ ಎಂದು ಬರೆದ. 1776ರಲ್ಲಿ ಲಿವರ್‌ಪೂಲಿನ ಮ್ಯಾಥ್ಯೂ ಡಾಬ್ಸನ್ ಮೂತ್ರವನ್ನು ಬತ್ತಿಸಿ, ಉಳಿದದ್ದು ಸಕ್ಕರೆಯೇ ಎಂದು ತೋರಿಸಿದ. ಎಲ್ಲರೂ ನೋಡಿದ್ದು ಹೊರಗೆ ಬಂದದ್ದನ್ನು. ಅದನ್ನು ಹಿಡಿದಿಟ್ಟ ಚೀಲಕ್ಕೆ ಏನಾಯಿತು ಅಂತ ಯಾರೂ ಕೇಳಲಿಲ್ಲ.

1889ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಒಂದು ನಾಯಿಯ ಮೇದೋಜೀರಕ ಗ್ರಂಥಿಯನ್ನು ತೆಗೆದರು. ಶಿಸ್ತು ಕಲಿತಿದ್ದ ನಾಯಿ ಪ್ರಯೋಗಶಾಲೆಯ ನೆಲದಲ್ಲೆಲ್ಲ ಉಚ್ಚೆ ಹೊಯ್ಯಲು ಶುರುಮಾಡಿತು. ಮಿಂಕೋವ್‌ಸ್ಕಿ ಅದನ್ನು ಪರೀಕ್ಷಿಸಿದಾಗ ಸಕ್ಕರೆ ಸಿಕ್ಕಿತು. ನೊಣ ಮುತ್ತಿದ್ದರಿಂದ ಗೊತ್ತಾಯಿತು ಎನ್ನುವುದು ಆಮೇಲೆ ಸೇರಿಕೊಂಡ ಕಥೆಯಂತೆ. ಆ ದಾರಿಯಲ್ಲೇ ಮುಂದೆ ಹೋಗಿ 1921ರಲ್ಲಿ ಟೊರಾಂಟೊದ ಬ್ಯಾಂಟಿಂಗ್ ಮತ್ತು ಬೆಸ್ಟ್, ಮತ್ತೆ ನಾಯಿಗಳ ಮೇಲೆಯೇ, ಇನ್ಸುಲಿನ್ ಕಂಡುಕೊಂಡರು.

ಇನ್ಸುಲಿನ್ ಬಂದ ಮೇಲೆ ರೋಗಿಗಳು ಬದುಕಿದರು. ವರ್ಷಗಟ್ಟಲೆ ಬದುಕಿದ್ದರಿಂದಲೇ ನಿಧಾನದ ತೊಂದರೆಗಳು ಎದ್ದು ಕಂಡವು. 1935ರಲ್ಲಿ ಅಮೆರಿಕದ ಜೋರ್ಡನ್ ಮತ್ತು ಕ್ರಾಬ್‌ಟ್ರೀ ಮಧುಮೇಹಿಗಳ ಮೂತ್ರಕೋಶ ಬಲ ಕಳೆದುಕೊಳ್ಳುವುದರ ಬಗ್ಗೆ ಬರೆದರು. ಆದರೆ ಅದು ಹೇಗೆ ಶುರುವಾಗುತ್ತದೆ ಅಂತ ಮನುಷ್ಯರಲ್ಲಿ ನೋಡುವುದು ಕಷ್ಟ. ತೊಂದರೆ ಹೇಳಿಕೊಂಡು ಬರುವ ಹೊತ್ತಿಗೆ ತಡವಾಗಿರುತ್ತದೆ.

ಈ ಬಾಗಿಲು ತೆರೆದದ್ದು ಇಲಿಗಳಿಂದ. ಮಣ್ಣಿನ ಬ್ಯಾಕ್ಟೀರಿಯದಿಂದ ಸಿಕ್ಕ ಸ್ಟ್ರೆಪ್ಟೊಜೊಟೊಸಿನ್ ಎಂಬ ಔಷಧಿ ಇಲಿ, ನಾಯಿಗಳಿಗೆ ಮಧುಮೇಹ ತರುತ್ತದೆ ಎಂದು 1963ರಲ್ಲಿ ಗೊತ್ತಾಯಿತು. ಅಲ್ಲಿಂದ ಮೊದಲ ದಿನದಿಂದಲೇ ವಾರ ಲೆಕ್ಕ ಹಾಕಿ ನೋಡಬಹುದಾಯಿತು. 2006ರ ಹೊತ್ತಿಗೆ ಅಮೆರಿಕದ ದಾನೇಶ್‌ಗರಿ ಮತ್ತು ಜೊತೆಯವರು ಒಂದು ಒಳ್ಳೆಯ ಉಪಾಯ ಮಾಡಿದರು. ಕೆಲವು ಇಲಿಗಳಿಗೆ ಮಧುಮೇಹ ತರಿಸಿದರು, ಇನ್ನು ಕೆಲವಕ್ಕೆ ಬರೀ ಸಕ್ಕರೆ ನೀರು ಕುಡಿಸಿದರು. ಎರಡೂ ಗುಂಪು ಬಹಳ ಉಚ್ಚೆ ಹೊಯ್ದವು, ಎರಡರ ಮೂತ್ರಕೋಶವೂ ದೊಡ್ಡದಾಯಿತು. ಅಂದರೆ ಮೊದಲ ಬದಲಾವಣೆ ಹೆಚ್ಚಾಗಿ ನೀರಿನ ಹೊರೆಯಿಂದ. ಆದರೆ ಸುಮಾರು 9ರಿಂದ 12 ವಾರದ ನಡುವೆ ದಾರಿ ಬೇರೆಯಾಯಿತು. ಮಧುಮೇಹದ ಇಲಿಗಳ ಮೂತ್ರಕೋಶ ಮಾತ್ರ ಸೋತು, ಹಿಂಡುವ ಬಲ ಕಳೆದುಕೊಳ್ಳತೊಡಗಿತು. ಸಕ್ಕರೆ ದೀರ್ಘಕಾಲ ನರಕ್ಕೂ ಸ್ನಾಯುವಿಗೂ ಮಾಡುವ ಹಾನಿ ಇದಕ್ಕೆ ಕಾರಣ ಎನ್ನುವುದು ಅವರ ವಿವರಣೆ.

ಇಲಿಯ ವಾರ ಮನುಷ್ಯನ ಎಷ್ಟು ವರ್ಷ ಅಂತ ಲೆಕ್ಕ ಹಾಕಲಿಕ್ಕೆ ಬರುವುದಿಲ್ಲ. ಇಲಿಗಳದ್ದು ಇನ್ಸುಲಿನ್ನೇ ಇಲ್ಲದ ಕಾಯಿಲೆ, ವಯಸ್ಸಾದವರಿಗೆ ಬರುವುದು ಹೆಚ್ಚಾಗಿ ಇನ್ನೊಂದು ಬಗೆ. ಆದರೂ ಎರಡು ಹಂತ ಎನ್ನುವ ಮಾತು ಓದಿದಾಗ ನನಗೆ ಚಿಲಕದ ಸದ್ದು ನೆನಪಾಯಿತು. ಮೊದಲು ಪದೇ ಪದೇ, ಆಮೇಲೆ ಮೌನ.

ಆ ಮೌನ ಗುಣವಾದದ್ದಾಗಿರಲಿಲ್ಲ. ತುಂಬಿದ ಸುದ್ದಿ ಅಜ್ಜಯ್ಯನಿಗೆ ಮುಟ್ಟುತ್ತಿರಲಿಲ್ಲ. ಒಂದು ದಿನ ಕಿಬ್ಬೊಟ್ಟೆ ಊದಿ, ಹನಿಹನಿ ಮಾತ್ರ ಬರತೊಡಗಿತು. ಕುಂದಾಪುರದ ಡಾಕ್ಟ್ರು ಪೈಪ್ ಹಾಕಿ ತೆಗೆದಾಗ ಒಂದು ಲೀಟರಿಗೂ ಮೇಲೆ. ಸಾಮಾನ್ಯವಾಗಿ ಅರ್ಧ ಲೀಟರಿಗೇ ತಡೆಯಲಿಕ್ಕಾಗುವುದಿಲ್ಲ. ಪ್ರಾಸ್ಟೇಟ್ ಗ್ರಂಥಿ ಅಡ್ಡವಿದೆಯಾ ಅಂತಲೂ ನೋಡಿದರು, ಅದಲ್ಲ. "ಇನ್ನು ಒಂದಕ್ಕೆ ಬಂತು ಅಂತ ಕಾಯ್ಬೇಡಿ, ಗಂಟೆ ನೋಡಿ ಹೋಗಿ" ಅಂದರು.

ಆಮೇಲೆ ಅಜ್ಜಯ್ಯ ಅಲಾರಾಂ ಇಟ್ಟುಕೊಂಡು ಏಳುತ್ತಿದ್ದರು. ಚಿಲಕದ ಸದ್ದು ಮತ್ತೆ ಶುರುವಾಯಿತು, ಈ ಸಲ ಯಾರೂ ಗೊಣಗಲಿಲ್ಲ. ನಿಮ್ಮ ಮನೆಯಲ್ಲೂ ಸಕ್ಕರೆ ಕಾಯಿಲೆಯವರು ರಾತ್ರಿ ಏಳುವುದು ತಾನಾಗಿ ನಿಂತರೆ, ಖುಷಿಪಡುವ ಮುಂಚೆ ಒಮ್ಮೆ ಡಾಕ್ಟ್ರಿಗೆ ಹೇಳಿ ಮಾರಾಯ್ರೆ.