ಸೇರಿನ ಜೇನು, ತಕ್ಕಡಿಯ ಜೇನು

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮ ಹಿರಿಯರು ಟ್ರಂಕಿನಲ್ಲಿಟ್ಟು ತಂದ ಅಡುಗೆಯ ಟಿಪ್ಪಣಿ ಪುಸ್ತಕಗಳಲ್ಲಿ, ಲೇಹ್ಯದ ವಿಧಾನ ಮುಗಿಯುವೆಡೆ, ‘ಆರಿದ ಮೇಲೆ ಜೇನು ಅರ್ಧ ಸೇರು’ ಎಂಬಂಥ ಮಾತು ಕಾಣಸಿಗುತ್ತದೆ. ಬರೆದವರಿಗೆ ಅದರಲ್ಲಿ ಸಂದೇಹವಿರಲಿಲ್ಲ. ಇಂದು ಓದುವ ನಮಗೆ ಮಾತ್ರ ಎರಡು ಪ್ರಶ್ನೆಗಳು ಏಳುತ್ತವೆ: ಅದು ಯಾವ ಊರಿನ ಸೇರು? ಅದು ತೂಕವೋ, ಪಾತ್ರೆಯ ಅಳತೆಯೋ?

ನೀರಿನ ವಿಷಯದಲ್ಲಿ ಎರಡನೆಯ ಪ್ರಶ್ನೆ ಅಷ್ಟಾಗಿ ಬಾಧಿಸದು. ಒಂದು ಲೀಟರ್ ನೀರು ಹೆಚ್ಚುಕಡಿಮೆ ಒಂದು ಕಿಲೋ. ಜೇನು ಹಾಗಲ್ಲ. ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ. ತುಪ್ಪವಾದರೋ ನೀರಿಗಿಂತ ಹಗುರ, ಲೀಟರಿಗೆ ಸುಮಾರು 0.9 ಕಿಲೋ. ಎರಡನ್ನೂ ಒಂದೊಂದು ಚಮಚ ತೆಗೆದುಕೊಂಡರೆ, ಜೇನಿನ ತೂಕ ತುಪ್ಪದ ಒಂದೂವರೆ ಪಟ್ಟನ್ನೂ ಮೀರುತ್ತದೆ.

ಹಿಂದಿನವರಿಗೆ ಈ ಅಂತರ ಬರಿಯ ರುಚಿಯ ಮಾತಾಗಿರಲಿಲ್ಲ. ಜೇನನ್ನೂ ತುಪ್ಪವನ್ನೂ ಸಮಪ್ರಮಾಣದಲ್ಲಿ ಬೆರೆಸುವುದನ್ನು ಚರಕಸಂಹಿತೆ ವಿರುದ್ಧಾಹಾರಗಳಲ್ಲಿ ಎಣಿಸುತ್ತದೆ. ಹಾಗಿದ್ದ ಮೇಲೆ, ಸಮವೆಂದರೆ ತಕ್ಕಡಿಯಲ್ಲಿ ಸಮವೋ ಬಟ್ಟಲಿನಲ್ಲಿ ಸಮವೋ ಎಂದು ಕೇಳದೆ ಲೇಹ್ಯ ಕಟ್ಟುವಂತಿರಲಿಲ್ಲ. ಶಾರ್ಙ್ಗಧರಸಂಹಿತೆಯಲ್ಲಿ ಕುಡವವೆಂಬುದು ನಾಲ್ಕು ಪಲಗಳ ತೂಕ. ನಾಲ್ಕು ಅಂಗುಲ ಅಗಲ, ಅಷ್ಟೇ ಎತ್ತರವಿರುವ ಪಾತ್ರೆಗೂ ಅದೇ ಹೆಸರು. ಹೆಸರೊಂದು, ಅರ್ಥವೆರಡು.

ಸೇರಿನ ಪಾಡೂ ಅದೇ ಆಗಿತ್ತು. ಅಕ್ಕಿ ರಾಗಿಗಳಿಗೆ ಅದು ಅಳೆಯುವ ಪಾತ್ರೆ. ಬೆಲ್ಲ ಹುಣಿಸೆಗಳಿಗೆ ತೂಕದ ಕಲ್ಲು. ತೂಕದ ಸೇರಾದರೂ ಎಲ್ಲೆಡೆ ಒಂದೇ ಇರಲಿಲ್ಲ. ಮೈಸೂರು ಸೀಮೆಯ ಕಚ್ಚಾ ಸೇರು 24 ರೂಪಾಯಿ ತೂಕ, ಎಂದರೆ ಸುಮಾರು 280 ಗ್ರಾಂ. ಹಳೆಯ ಮುಂಬಯಿಯ ಮಣ 28 ಪೌಂಡು. ಅದರ ನಲವತ್ತರಲ್ಲೊಂದು ಪಾಲಾದ ಸೇರು ಸುಮಾರು 317 ಗ್ರಾಂ. 80 ತೊಲದ ಸೇರು 933 ಗ್ರಾಂ. ಅಜ್ಜಿಯ ‘ಅರ್ಧ ಸೇರು’ ಹೀಗೆ 140 ಗ್ರಾಮೂ ಆಗಬಹುದು, 466 ಗ್ರಾಮೂ ಆಗಬಹುದು. ಪಾತ್ರೆಯ ಸೇರಾಗಿದ್ದರೆ ಲೆಕ್ಕವೇ ಬೇರೆ.

1956ರ ತೂಕ ಮತ್ತು ಅಳತೆಗಳ ಕಾಯಿದೆ 1958ರ ಅಕ್ಟೋಬರಿನಿಂದ ಹಂತಹಂತವಾಗಿ ಜಾರಿಗೆ ಬಂದಿತು. ಸೇರು ಒಂದೇ ಹೆಸರಿನಲ್ಲಿ ಹೊತ್ತಿದ್ದ ಎರಡು ಹೊರೆಗಳನ್ನು ಕಿಲೋ ಮತ್ತು ಲೀಟರುಗಳು ಹಂಚಿಕೊಂಡವು. ಆದರೂ ಅಡುಗೆಮನೆಯಲ್ಲಿ ತೊಡಕು ಪೂರ್ತಿ ತೀರಲಿಲ್ಲ. ಜೇನಿನ ಬಾಟಲಿ ಗ್ರಾಮಿನಲ್ಲಿ ಮಾತಾಡುತ್ತದೆ, ಪಾಕವಿಧಾನ ಚಮಚ ಬಟ್ಟಲುಗಳಲ್ಲಿ. ನೆನಪಿಡಬೇಕಾದ ಲೆಕ್ಕವಿಷ್ಟು: 5 ಮಿಲಿಲೀಟರಿನ ಚಮಚಕ್ಕೆ 7 ಗ್ರಾಂ, 15 ಮಿಲಿಲೀಟರಿನದಕ್ಕೆ 21 ಗ್ರಾಂ, 240 ಮಿಲಿಲೀಟರಿನ ಬಟ್ಟಲಿಗೆ ಸುಮಾರು 340 ಗ್ರಾಂ. ಅರ್ಧ ಕಿಲೋ ಜೇನು ಸುಮಾರು 350 ಮಿಲಿಲೀಟರಿನಲ್ಲಿ ಅಡಗುತ್ತದೆ. ನೀರಿನಂಶ ಹೆಚ್ಚಿರುವ ತೆಳು ಜೇನು ಇದಕ್ಕಿಂತ ತುಸು ಹಗುರ.

ಇಂಥ ಪುಸ್ತಕಗಳನ್ನು ಈಗ ನಮ್ಮಲ್ಲಿ ಹಲವರು ಮಕ್ಕಳಿಗಾಗಿ ನಕಲು ಮಾಡುತ್ತಿದ್ದೇವೆ. ಸೇರನ್ನು ಅಳಿಸಿ ಗ್ರಾಂ ಬರೆದುಬಿಡುವುದು ಸುಲಭ. ಹಾಗೆ ಮಾಡಿದರೆ ನಮ್ಮ ಊಹೆಯೇ ಅಜ್ಜಿಯ ಮಾತಾಗಿ ಉಳಿದುಹೋಗುತ್ತದೆ. ‘ಅರ್ಧ ಸೇರು’ ಇದ್ದಂತೆಯೇ ಇರಲಿ; ಪಕ್ಕದಲ್ಲಿ ಅವರ ಊರಿನ ಹೆಸರನ್ನೂ, ಅವರು ಜೇನನ್ನು ತೂಗುತ್ತಿದ್ದರೋ ಅಳೆಯುತ್ತಿದ್ದರೋ ಎಂಬುದನ್ನೂ ಬರೆದಿಡೋಣ. ಅದನ್ನು ಕಣ್ಣಾರೆ ಕಂಡ ಹಿರಿಯರು ಮನೆಯಲ್ಲಿದ್ದರೆ, ಇಂದೇ ಕೇಳಿಬಿಡೋಣ.